ಆಟದ ಕಂಪ್ಯೂಟರಿನ ಕಾಟ: ಹೊಸೂರಿನ ಮನೆಯೊಂದರಲ್ಲಿ ಕಂಡದ್ದು

ಕಳೆದ ಬೇಸಿಗೆಯಲ್ಲಿ ಹತ್ತು ದಿನಗಳ ಮಟ್ಟಿಗೆ ಹೊಸೂರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಹೋದ ಮೊದಲ ಸಂಜೆಯೇ ಆ ಮನೆಯಲ್ಲಿ ತಂದೆ ಮಗನಿಗೆ ಜಗಳ. ಜಗಳಕ್ಕೆ ಕಾರಣ, ಅಳಿಯ ತನ್ನ ಕೈಯಾರೆ ಜೋಡಿಸಿಕೊಂಡಿದ್ದ ಕಂಪ್ಯೂಟರು. ಹುಡುಗ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಆಟದಲ್ಲಿ ಮುಳುಗಿದ್ದ. ಏಳು ಗಂಟೆ ದಾಟಿತ್ತು. ಒಮ್ಮೆಲೇ ಪರದೆ ಕತ್ತಲಾಯಿತು, ಫ್ಯಾನುಗಳ ಸದ್ದು ನಿಂತಿತು, ಯಂತ್ರ ಸತ್ತಂತೆ ಬಿದ್ದುಕೊಂಡಿತು. ವಾರದಲ್ಲಿ ನಾಲ್ಕೈದು ಸಲ ಹೀಗೇ ಆಗುತ್ತಿತ್ತಂತೆ.

"೫೮,೦೦೦ ರೂಪಾಯಿ ಸುರಿದದ್ದಾಯಿತು. ತಿಂಗಳ ಕೊನೆಯೊಳಗೆ ಸಿಕ್ಕಿದ ಬೆಲೆಗೆ ಮಾರಿಬಿಡು" ಎಂದರು ಭಾವ. ಅವರು ಅಲ್ಲಿನ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರರು. ಎರಡು ವರ್ಷದ ಬೋನಸ್ಸು ಆ ಪೆಟ್ಟಿಗೆಯೊಳಗೆ ಕೂತಿತ್ತು. ಹುಡುಗ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಓದುತ್ತಾನೆ. ಆಟಕ್ಕೆ ಬೇಕಾದ ಶಕ್ತಿಯುಳ್ಳ ಯಂತ್ರವೇ ಯಂತ್ರಭಾಗಗಳ ನಕ್ಷೆ ಬಿಡಿಸುವುದಕ್ಕೂ ಬೇಕು. ಹೊಸೂರಿನ ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ ಆ ನಕ್ಷೆಯ ಕೆಲಸ ಬಲ್ಲವನಿಗೆ ಅನ್ನವಿದೆ. ಹೀಗಾಗಿ ಮಾರುವ ಮಾತು ಬರೀ ಆಟ ನಿಲ್ಲಿಸುವ ಮಾತಾಗಿರಲಿಲ್ಲ.

ಕಾಸರಗೋಡಿನವರಾದ ನಮಗೆ ಹೊಸೂರಿನ ಕತೆ ತೀರಾ ಅಪರಿಚಿತವಲ್ಲ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದೆವು, ಅವರು ಮದರಾಸಿನಲ್ಲೇ ಉಳಿದರು. ಅಂದು ಸೇಲಂ ಜಿಲ್ಲೆ, ಆಮೇಲೆ ಧರ್ಮಪುರಿ, ೨೦೦೪ರಿಂದ ಕೃಷ್ಣಗಿರಿ. ಬೆಂಗಳೂರು ಮಾತ್ರ ಹೆಚ್ಚುಕಡಿಮೆ ೪೦ ಕಿಲೋಮೀಟರ್ ದೂರ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು, ಸಾಮಾನು ತರುವುದು ಬೆಂಗಳೂರಿನಿಂದ.

ಎಸ್.ಪಿ. ರಸ್ತೆಯ ಸಂತೆ

ಕಂಪ್ಯೂಟರಿನ ಸಾಮಾನೂ ಬೆಂಗಳೂರಿನಿಂದಲೇ ಬಂದದ್ದು. ಅಲ್ಲಿನ ಸಾದರ ಪತ್ರಪ್ಪ ರಸ್ತೆಯನ್ನು, ಅಂದರೆ ಎಲ್ಲರ ಬಾಯಲ್ಲಿ ಎಸ್.ಪಿ. ರಸ್ತೆಯನ್ನು, ನೋಡದವರು ನಮ್ಮೂರಿನ ಅಡಿಕೆ ಮಂಡಿಯನ್ನು ನೆನೆದುಕೊಳ್ಳಬಹುದು. ಅಡಿಕೆಯ ಬದಲು ವಯರು, ಬೋರ್ಡು, ಫ್ಯಾನು. ಅಳಿಯ ನಾಲ್ಕು ಶನಿವಾರ ಬಸ್ಸು ಹತ್ತಿ ಹೋಗಿ ಒಂದೊಂದೇ ಭಾಗ ತಂದಿದ್ದ. ಎಎಂಡಿ ಕಂಪೆನಿಯ ರೈಜನ್ ೫ ೫೬೦೦ ಎಂಬ ಆರು ಕೋರಿನ ಪ್ರೊಸೆಸರು, ಅದಕ್ಕೊಪ್ಪುವ ಮದರ್‌ಬೋರ್ಡು, ೮ ಜಿಬಿಯ ಎರಡು ಮೆಮೊರಿ ಪಟ್ಟಿ. ಇವಷ್ಟೂ ಹೊಸತು. ಗ್ರಾಫಿಕ್ಸ್ ಕಾರ್ಡು ಮಾತ್ರ ಹಳೆಯದು, ಎನ್‌ವಿಡಿಯಾ ಆರ್‌ಟಿಎಕ್ಸ್ ೩೦೬೦.

ಎಲ್ಲರ ಸಂಶಯವೂ ಆ ಹಳೆಯ ಕಾರ್ಡಿನ ಮೇಲೆಯೇ. ಅದಕ್ಕೆ ಕಾರಣವೂ ಇತ್ತು. ೨೦೨೧ರ ಸುಮಾರಿಗೆ ಈಥರಿಯಂ ಎಂಬ ಗುಪ್ತನಾಣ್ಯವನ್ನು ಗಳಿಸಲು ಜನ ಇಂಥ ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಹಗಲಿರುಳು ಓಡಿಸುತ್ತಿದ್ದರು. ೨೦೨೨ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ಕ್ರಮವೇ ಬದಲಾಗಿ ಕಾರ್ಡುಗಳಿಗೆ ಕೆಲಸವಿಲ್ಲದಾಯಿತು, ರಾಶಿ ರಾಶಿಯಾಗಿ ಹಳೆ ಸಾಮಾನಿನ ಪೇಟೆಗೆ ಬಂದವು. ಗಾಣಕ್ಕೆ ಕಟ್ಟಿ ಸವೆಸಿದ ಎತ್ತನ್ನು ಮೈ ತೊಳೆದು ಸಂತೆಗೆ ತಂದಂತೆ. ಮಾರಿದವನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದ್ದನಂತೆ.

"ಮಾವ, ಕಾರ್ಡೇ ಹೋಗಿರೋದು. ಇನ್ನೊಂದು ತರೋಕೆ ಅಪ್ಪ ದುಡ್ಡು ಕೊಡಲ್ಲ" ಎಂದ ಹುಡುಗ. ಕಂಪ್ಯೂಟರೇ ಬರೆದಿಟ್ಟುಕೊಳ್ಳುವ ಘಟನಾಪಟ್ಟಿಯನ್ನೂ ತೋರಿಸಿದ. ಪ್ರತಿ ಸಲ ಆರಿದಾಗಲೂ ಅದರಲ್ಲಿ 'ಕರ್ನಲ್ ಪವರ್ ೪೧' ಎಂಬ ದಾಖಲೆ. ಅದರರ್ಥವೇನೆಂದು ಕೇಳಿದೆ. ಓದಿ ಹೇಳಿದ: ಯಂತ್ರ ಕ್ರಮಪ್ರಕಾರ ಮುಚ್ಚದೆ ನಿಂತುಹೋಯಿತು ಎಂದಷ್ಟೇ. ಏಕೆ ನಿಂತಿತು ಎಂಬುದು ಅದರಲ್ಲಿಲ್ಲ. ಶವ ಸಿಕ್ಕಿದೆ ಎಂದು ಬರೆದುಕೊಂಡ ಪೊಲೀಸು ಕೊಂದವನ ಹೆಸರು ಬರೆದಂತಾಗಲಿಲ್ಲವಷ್ಟೆ.

ನಾನು ಕಂಪ್ಯೂಟರು ಕಲಿತವನಲ್ಲ. ವಯರಿಂಗು, ಪಂಪು, ರೇಡಿಯೋ ಇವುಗಳಲ್ಲಿ ಮೂವತ್ತು ವರ್ಷ ಕೈ ಆಡಿಸಿದವನು. ಆ ಕಸುಬಿನಲ್ಲಿ ಕಲಿತದ್ದು ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ನಾಲ್ಕು ಭಾಗ ಒಟ್ಟಿಗೆ ಬದಲಿಸಿ ಯಂತ್ರ ಸರಿಯಾಯಿತೆನ್ನಿ, ಯಾವುದರಿಂದ ಸರಿಯಾಯಿತೆಂದು ಗೊತ್ತಾಗುವುದಿಲ್ಲ. ಮೂರರ ದುಡ್ಡು ದಂಡ. ಅಳಿಯನಿಗೆ ಒಂದು ನೋಟುಪುಸ್ತಕ ತರಲು ಹೇಳಿದೆ.

ಪೆಟ್ಟಿಗೆ ಬಿಚ್ಚಿದಾಗ

ಹುಡುಗನಿಗೆ ತಿಳುವಳಿಕೆ ಕಡಿಮೆಯೇನಿರಲಿಲ್ಲ. ಜೋಡಿಸಿದ ಮೊದಲ ದಿನ ಪರದೆಯ ಮೇಲೆ ಏನೂ ಬರದೆ ಎರಡು ಗಂಟೆ ಒದ್ದಾಡಿದ್ದನಂತೆ. ಕೊನೆಗೆ ನೋಡಿದರೆ ಪರದೆಯ ಕೇಬಲ್ಲನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದ್ದ. ಈ ಪ್ರೊಸೆಸರಿನೊಳಗೆ ಚಿತ್ರ ಮೂಡಿಸುವ ಭಾಗವೇ ಇಲ್ಲ, ಕೇಬಲ್ಲು ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಇಂಥ ಹೊತ್ತಿನಲ್ಲಿ ಮದರ್‌ಬೋರ್ಡಿನ ಅಂಚಿನಲ್ಲಿರುವ ಪುಟ್ಟ ದೀಪಗಳನ್ನು ನೋಡಬೇಕು ಎಂದು ಆತನೇ ನನಗೆ ಕಲಿಸಿದ. ಪ್ರೊಸೆಸರು, ಮೆಮೊರಿ, ಚಿತ್ರ, ಡಿಸ್ಕು ಎಂದು ನಾಲ್ಕು ದೀಪ. ಯಂತ್ರ ಎಲ್ಲಿ ತಡೆದು ನಿಂತಿತೋ ಆ ದೀಪ ಉರಿದೇ ಇರುತ್ತದೆ. ಎಲ್ಲ ಬೋರ್ಡಿನಲ್ಲೂ ಇವು ಇರುವುದಿಲ್ಲ. ಕೊಳ್ಳುವಾಗ ಕೇಳಿ ಕೊಳ್ಳುವುದು ಒಳ್ಳೆಯದು.

ಮೊದಲು ಬಿಸಿಯ ಪರೀಕ್ಷೆ ಮಾಡಿದೆವು. ಆಟ ನಡೆಯುತ್ತಿರುವಾಗ ಪ್ರೊಸೆಸರು ೭೪ ಡಿಗ್ರಿ, ಅದರ ಮಿತಿ ೯೦. ಬಿಸಿಯಿಂದ ಸೋಲುವ ಯಂತ್ರ ಸಾಮಾನ್ಯವಾಗಿ ಮೊದಲು ನಿಧಾನವಾಗುತ್ತದೆ, ಆಟ ತಡವರಿಸುತ್ತದೆ, ಆಮೇಲೆ ಆರುತ್ತದೆ. ಇದು ಮುನ್ಸೂಚನೆ ಕೊಡದೆ ಆರುತ್ತಿತ್ತು. ಆದರೂ ಪೆಟ್ಟಿಗೆಯೊಳಗಿನ ಧೂಳು ಕಂಡು ಗಾಬರಿಯಾಯಿತು. ಕೃಷ್ಣಗಿರಿ ಜಿಲ್ಲೆ ಗ್ರಾನೈಟಿಗೆ ಹೆಸರಾದದ್ದು. ಆ ಬೀದಿಯ ತುದಿಯಲ್ಲೇ ಕಲ್ಲು ಕೊಯ್ಯುವ ಜಾಗವಿದೆ. ಬಣ್ಣದ ಬ್ರಶ್ಶಿನಿಂದ ಧೂಳು ತೆಗೆದೆವು. ಬ್ರಶ್ಶು ಆಡಿಸುವಾಗ ಫ್ಯಾನಿನ ಎಲೆಗಳನ್ನು ಬೆರಳಿನಲ್ಲಿ ಹಿಡಿದಿರಬೇಕು. ಮುಂದಿನ ಫ್ಯಾನು ಗಾಳಿ ಒಳಗೆ ಎಳೆಯುವ ಕಡೆ ತಂಗಿ ಹಳೆಯ ಸೊಳ್ಳೆಪರದೆಯ ತುಂಡೊಂದನ್ನು ಹೊಲಿದು ಕೊಟ್ಟಳು. ಅಂಗಡಿಯ ಧೂಳುಜಾಲರಿಗಿಂತ ಇದೇನೂ ಕಳಪೆಯಲ್ಲ.

ಆಮೇಲೆ ಮೆಮೊರಿ. ಪೆನ್‌ಡ್ರೈವಿನಿಂದ ಪರೀಕ್ಷಾ ತಂತ್ರಾಂಶ ಹಾಕಿ ರಾತ್ರಿಯಿಡೀ ಓಡಿಸಿದೆವು. ಬೆಳಗ್ಗೆ ನೋಡಿದರೆ ತಪ್ಪು ಸೊನ್ನೆ. ಆದರೆ ಬೇರೊಂದು ಸಂಗತಿ ಬೆಳಕಿಗೆ ಬಂತು. ೩೨೦೦ರ ವೇಗದ ಪಟ್ಟಿಗಳು ೨೬೬೬ರಲ್ಲೇ ನಡೆಯುತ್ತಿದ್ದವು. ಬಯೋಸ್ ಎಂಬ ಮೂಲ ವ್ಯವಸ್ಥೆಯಲ್ಲಿ ನಾವಾಗಿ ಹೇಳದ ಹೊರತು ಅವು ತಮ್ಮ ಪೂರ್ಣ ವೇಗಕ್ಕೆ ಏರುವುದಿಲ್ಲ. ಎರಡೂ ಪಟ್ಟಿ ಪಕ್ಕಪಕ್ಕದ ಕಿಂಡಿಯಲ್ಲಿದ್ದವು. ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಕಿಂಡಿಗೆ ಹಾಕಿದೆವು. ಯಂತ್ರ ಚುರುಕಾಯಿತು. ಸಂಜೆ ಏಳಕ್ಕೆ ಮತ್ತೆ ಆರಿತು.

ಈ ನಡುವೆ ಪೆಟ್ಟಿಗೆಯ ಕಬ್ಬಿಣದ ಅಂಚು ಮುಟ್ಟಿದಾಗ ನನ್ನ ಬೆರಳು ಜುಮ್ಮೆಂದಿತು. "ಅದು ಯಾವಾಗಲೂ ಹಾಗೇ, ಚಪ್ಪಲಿ ಹಾಕಿಕೊಂಡು ಮುಟ್ಟುತ್ತೇವೆ" ಎಂದಳು ತಂಗಿ. ಇದನ್ನು ಕೇಳಿ ನನಗೆ ಎದೆ ಧಸಕ್ಕೆಂದಿತು. ಟೆಸ್ಟರು ಇಟ್ಟರೆ ದೀಪ ಹತ್ತಿತು. ಯಂತ್ರದ ಮೂರು ಪಿನ್ನಿನ ಪ್ಲಗ್ಗು, ಎರಡು ಪಿನ್ನಿನ ಅಡಾಪ್ಟರಿನ ಮೂಲಕ ಗೋಡೆಗೆ ಹೋಗಿತ್ತು. ಮೇಲಿನ ದಪ್ಪ ಪಿನ್ನು ಅರ್ತಿಂಗಿನದು, ಅದಕ್ಕೆ ದಾರಿಯೇ ಇಲ್ಲ. ಕಂಪ್ಯೂಟರಿನ ಪವರ್ ಸಪ್ಲೈಯೊಳಗೆ ವಿದ್ಯುತ್ತಿನ ಗದ್ದಲವನ್ನು ಭೂಮಿಗೆ ಹರಿಸುವ ಸಣ್ಣ ಕೆಪಾಸಿಟರುಗಳಿರುತ್ತವೆ. ಭೂಮಿಯ ದಾರಿ ಕಡಿದರೆ ಆ ಸೋರುವ ವಿದ್ಯುತ್ತು ಪೆಟ್ಟಿಗೆಯ ಮೈಯಲ್ಲೇ ನಿಲ್ಲುತ್ತದೆ. ಜುಮ್ಮೆನ್ನುವಷ್ಟು ಸೋರುವುದರಿಂದ ಜೀವ ಹೋಗಲಾರದು. ಆದರೆ ಒಳಗೆ ಎಂದಾದರೂ ನಿಜವಾದ ಶಾರ್ಟ್ ಆದರೆ ಮನುಷ್ಯನನ್ನು ಕಾಪಾಡಲು ಏನೂ ಇರುವುದಿಲ್ಲ. ವಾಚಕರ ಮನೆಯಲ್ಲಿ ಇಂಥ ಅಡಾಪ್ಟರು ಇದ್ದರೆ ಇವತ್ತೇ ಕಿತ್ತು ಬಿಸಾಡಿ, ಮೂರು ಪಿನ್ನಿನ ಪ್ಲಗ್ಗುಗೂಡಿನಲ್ಲಿ ಅರ್ತಿಂಗ್ ವಯರು ನಿಜವಾಗಿ ಇದೆಯೇ ಎಂದು ಇಲೆಕ್ಟ್ರಿಷಿಯನ್ನನಿಂದ ನೋಡಿಸಿ. ಅಲ್ಲಿ ಮರುದಿನವೇ ಮಾಡಿಸಿದೆವು. ಕೈ ಜುಮ್ಮೆನ್ನುವುದು ನಿಂತಿತು. ಸಂಜೆ ಯಂತ್ರ ಆರುವುದು ನಿಲ್ಲಲಿಲ್ಲ.

ಅಜ್ಜಿ ಹೇಳಿದ ಸಾಕ್ಷಿ

ಐದನೆಯ ದಿನ ನಾವಿಬ್ಬರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಭಾವನ ತಾಯಿ ನಡುಮನೆಯಲ್ಲಿ ಹೂ ಕಟ್ಟುತ್ತಿದ್ದವರು ತಲೆ ಎತ್ತಿ ಹೇಳಿದರು: "ಅದು ಕುಯ್ ಅಂದಮೇಲೇ ಅಲ್ವೇನೋ ಆರೋದು?"

ಕೂಗುವುದು ಯಾವುದು? ಮೇಜಿನ ಕೆಳಗೆ, ಹಳೆಯ ಪುಸ್ತಕಗಳ ಹಿಂದೆ ಇದ್ದ ಯುಪಿಎಸ್ಸು. ಕರೆಂಟು ಹೋದರೆ ಬ್ಯಾಟರಿಯಿಂದ ಕೆಲವು ನಿಮಿಷ ಯಂತ್ರವನ್ನು ನಡೆಸುವ ಡಬ್ಬ. ಹುಡುಗನ ಕಿವಿಯಲ್ಲಿ ಹೆಡ್‌ಫೋನು, ಭಾವ ಪಾಳಿಯಲ್ಲಿ, ನಾನು ಅಂಗಳದಲ್ಲಿ. ಕೇಳಿಸಿಕೊಂಡದ್ದು ಅಜ್ಜಿ ಒಬ್ಬರೇ. ಅವರನ್ನು ಯಾರೂ ಕೇಳಿರಲಿಲ್ಲ.

ಡಬ್ಬವನ್ನು ಹೊರಗೆಳೆದು ಹಿಂಬದಿ ಓದಿದೆವು. ೬೦೦ ವಿಎ, ೩೬೦ ವಾಟ್. ಕೊಳ್ಳುವಾಗ ದೊಡ್ಡ ಅಕ್ಷರದ ೬೦೦ ಎಲ್ಲರ ಕಣ್ಣಿಗೆ ಬೀಳುತ್ತದೆ, ಯಂತ್ರ ಉಣ್ಣುವುದು ಮಾತ್ರ ವಾಟಿನ ಲೆಕ್ಕದಲ್ಲಿ. ಭಾವ ತಮ್ಮ ಸಹೋದ್ಯೋಗಿಯೊಬ್ಬರಿಂದ ಪ್ಲಗ್ಗಿಗೆ ಸಿಕ್ಕಿಸುವ ವಾಟ್ ಮೀಟರು ತಂದುಕೊಟ್ಟರು. ಸುಮ್ಮನೆ ನಕ್ಷೆ ಬಿಡಿಸುವಾಗ ನೂರರ ಆಸುಪಾಸು. ಆಟ ಜೋರಾದಾಗ ಪರದೆಯೂ ಸೇರಿ ೩೭೫. ಗ್ರಾಫಿಕ್ಸ್ ಕಾರ್ಡೊಂದೇ ೧೭೦ ವಾಟ್ ತಿನ್ನುವಂಥದ್ದು.

ಇನ್ನು ಸಂಜೆ ಏಳೇ ಏಕೆ? ಅದು ಆ ಬೀದಿಯ ಕೊಳವೆಬಾವಿಯ ಪಂಪು ಹಾಕುವ ಹೊತ್ತು. ಮೋಟರು ಎದ್ದುನಿಲ್ಲುವ ಕ್ಷಣದಲ್ಲಿ ತನ್ನ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಮನೆಗಳ ದೀಪ ಒಮ್ಮೆ ಮಂಕಾಗುತ್ತದೆ. ವೋಲ್ಟೇಜು ಕುಸಿದದ್ದನ್ನು ಕಂಡು ಯುಪಿಎಸ್ಸು ಬ್ಯಾಟರಿಗೆ ಹೊರಳುತ್ತದೆ, ಹೊರೆ ತನ್ನ ಶಕ್ತಿ ಮೀರಿದ್ದೆಂದು ಕಂಡು ಕೂಗಿ ಕೈಬಿಡುತ್ತದೆ. ಕಾಯಲು ಇಟ್ಟದ್ದೇ ಯಂತ್ರವನ್ನು ಕೆಡವುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಊಹೆಯ ಮೇಲೆ ನಿಲ್ಲಬಾರದೆಂದು ಮೂರು ಸಂಜೆ ಪರೀಕ್ಷೆ ಮಾಡಿದೆವು. ಮೊದಲ ಸಂಜೆ ಯಂತ್ರವನ್ನು ನೇರ ಗೋಡೆಗೆ ಕೊಟ್ಟು ಆಟ ಆಡಿದ. ದೀಪ ಮಂಕಾಯಿತು, ಯಂತ್ರ ಕದಲಲಿಲ್ಲ. ಅದರ ಪವರ್ ಸಪ್ಲೈ ೧೦೦ರಿಂದ ೨೪೦ ವೋಲ್ಟಿನವರೆಗೆ ಸಹಿಸುವಂಥದ್ದು. ಎರಡನೆಯ ಸಂಜೆ ಯುಪಿಎಸ್ಸಿನಲ್ಲಿ, ಆಟವಿಲ್ಲದೆ. ಕೂಗಿತು, ಯಂತ್ರ ಉಳಿಯಿತು. ಮೂರನೆಯ ಸಂಜೆ ಯುಪಿಎಸ್ಸೂ ಆಟವೂ ಒಟ್ಟಿಗೆ. ಭಾವ ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕೂಗಿತು, ಆರಿತು. "ಇದಪ್ಪಾ ಇನ್‌ಸ್ಪೆಕ್ಷನ್ನು" ಎಂದು ಅವರು ಮೊದಲ ಸಲ ನಕ್ಕರು. ಪಾಪ, ಹಳೆಯ ಕಾರ್ಡು ನಿರಪರಾಧಿ.

ದೊಡ್ಡ ಯುಪಿಎಸ್ಸು ಕೊಳ್ಳುವುದು ಒಂದು ದಾರಿ. ಹುಡುಗ ಖರ್ಚಿಲ್ಲದ ದಾರಿ ಹುಡುಕಿದ. ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಮಿತಿಯನ್ನು ತಂತ್ರಾಂಶದಿಂದಲೇ ಶೇಕಡಾ ೭೫ಕ್ಕೆ ಇಳಿಸಿದ. ಅವನ ಪರದೆ ಸೆಕೆಂಡಿಗೆ ೭೫ ಚಿತ್ರ ಮಾತ್ರ ತೋರಿಸಬಲ್ಲುದು. ಕಾರ್ಡು ಅದಕ್ಕಿಂತ ಹೆಚ್ಚು ಚಿತ್ರ ಬರೆದು ವ್ಯರ್ಥ ಮಾಡದಂತೆ ಅಲ್ಲಿಗೇ ಕಡಿವಾಣ ಹಾಕಿದ. ಮೀಟರು ೩೦೦ರ ಹತ್ತಿರ ನಿಂತಿತು. ಆಟದಲ್ಲಿ ವ್ಯತ್ಯಾಸ ಕಾಣಿಸಿತೇ ಎಂದು ಕೇಳಿದರೆ, ಫ್ಯಾನಿನ ಸದ್ದು ಕಡಿಮೆಯಾದದ್ದು ಮಾತ್ರ ಎಂದ. ಏಳರ ಪಂಪಿಗೆ ಯುಪಿಎಸ್ಸು ಕೂಗುತ್ತದೆ, ಯಂತ್ರ ಆರುವುದಿಲ್ಲ. ಮಾರುವ ಮಾತು ಆಮೇಲೆ ಏಳಲಿಲ್ಲ.

ಆ ನೋಟುಪುಸ್ತಕದ ಬಗ್ಗೆ ಒಂದು ಮಾತು. ಅದರ ತುಂಬ ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ. ತಮಿಳನ್ನು ಕಡ್ಡಾಯ ಮಾಡಿದ ೨೦೦೬ರ ಕಾಯಿದೆಯ ನಂತರ ಶಾಲೆಗೆ ಸೇರಿದ ಹುಡುಗ, ಇಂಗ್ಲಿಷ್ ಮಾಧ್ಯಮ ಬೇರೆ. ಆಡುವ ಕನ್ನಡ ಚೊಕ್ಕ, ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸಂಜೆಯಾಗುತ್ತದೆ. ಹೊರಡುವ ಹಿಂದಿನ ದಿನ, ಯಂತ್ರಕ್ಕೆ ಬಣ್ಣದ ದೀಪ ಹಾಕುತ್ತೇನೆಂದವನಿಗೆ, ಅದರ ಜೊತೆ ಇದನ್ನೂ ಹಾಕು ಎಂದೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ, ಬೆಲೆಯಿಲ್ಲದೆ ಸಿಗುವಂಥದ್ದು. ಅದರ ಕೀಲಿಮಣೆಯ ವಿನ್ಯಾಸದ ಮೂಲಪುರುಷರು ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್, ನಮ್ಮ ಕಡೆಯವರು. ಇಂಗ್ಲಿಷ್ ಕೆ ಒತ್ತಿದರೆ ಕ, ಎಂ ಒತ್ತಿದರೆ ಮ; ಒತ್ತಕ್ಷರ ಬೇಕಾದರೆ ನಡುವೆ ಎಫ್. ಹುಡುಗ ಅರ್ಧ ಗಂಟೆಯಲ್ಲಿ ಹಿಡಿದುಕೊಂಡ. ಪರದೆಯ ತುಂಬ ದೊಡ್ಡದಾಗಿ ಅಜ್ಜಿಯ ಹೆಸರು ಮೂಡಿಸಿ ಕರೆದ. ಅವರು ಕನ್ನಡಕ ಹಾಕಿಕೊಂಡು ಬಂದು ನೋಡಿ, "ದೀರ್ಘ ಬಿಟ್ಟಿದ್ದೀಯ" ಎಂದು ಹೇಳಿ ಹೋದರು.

ಹೋದ ವಾರ ಫೋನು ಬಂತು. ಯಂತ್ರ ಮತ್ತೊಮ್ಮೆ ಆರಿತಂತೆ, ಅದೂ ಬೆಳಗ್ಗೆ ಹತ್ತಕ್ಕೆ. ಕೂಡಲೇ ಹೋಗಿ ಅಜ್ಜಿಯನ್ನು ಕೇಳಿದನಂತೆ, ಕೂಗಿತೇ ಎಂದು. ಕೂಗಿರಲಿಲ್ಲವಂತೆ. ಪುಸ್ತಕದಲ್ಲಿ ಹೊಸ ಪುಟ ತೆಗೆದಿದ್ದಾನೆ.