ಬಿಳಿ ಕಲ್ಲಿನ ದಾರಿ, ದಪ್ಪ ಟೈರಿನ ಸವಾರಿ

ಫ್ರಾನ್ಸಿನ ನೈರುತ್ಯ ಭಾಗದ ಲಾಟ್ ಜಿಲ್ಲೆಯಲ್ಲಿ ಸೈಕಲ್ ತುಳಿಯುವವರು ಬಾಯಾರಿದಾಗ ಹುಡುಕುವುದು ಹೋಟೆಲನ್ನಲ್ಲ, ಸ್ಮಶಾನವನ್ನು. ಎಷ್ಟೇ ಪುಟ್ಟ ಹಳ್ಳಿಯಾದರೂ ಅಲ್ಲೊಂದು ಗೋರಿಗಳ ಅಂಗಳ ಇದ್ದೇ ಇರುತ್ತದೆ. ಹೂಕುಂಡಗಳಿಗೆ ನೀರು ಹಾಕಲೆಂದು ಗೇಟಿನ ಪಕ್ಕ ಸಾಮಾನ್ಯವಾಗಿ ಒಂದು ನಲ್ಲಿಯೂ ಇರುತ್ತದೆ. ‘ಕುಡಿಯಲು ಯೋಗ್ಯವಲ್ಲ’ ಎಂಬ ಫಲಕ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಾಟಲಿ ತುಂಬಿಸಿಕೊಂಡರಾಯಿತು. ಊರಿನ ಒಂದೇ ಒಂದು ಅಂಗಡಿ ಬಾಗಿಲು ಹಾಕಿದ್ದರೂ ಸತ್ತವರ ಮನೆ ಬಾಗಿಲು ಹಗಲಿಡೀ ತೆರೆದಿರುತ್ತದೆ.

ನೀರಿಗಾಗಿ ಈ ಪರದಾಟಕ್ಕೆ ಕಾರಣ ಅಲ್ಲಿನ ನೆಲ. ‘ಕೋಸ್’ ಎಂದು ಕರೆಯುವ ಈ ಪ್ರಸ್ಥಭೂಮಿ ಪೂರ್ತಿ ಸುಣ್ಣಕಲ್ಲು. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ನೆಲದಡಿಯೇ ಹರಿದುಹೋಗುತ್ತದೆ. ಮೇಲೆ ಹಳ್ಳ ತೊರೆಗಳು ಅಪರೂಪ. ಆ ನೀರು ಮತ್ತೆ ಕಣ್ಣಿಗೆ ಬೀಳುವುದು ಕೆಳಗಿನ ಕಣಿವೆಗಳಲ್ಲಿ, ಲಾಟ್ ಮತ್ತು ಸೆಲೇ ನದಿಗಳ ಬದಿಯ ಬುಗ್ಗೆಗಳಾಗಿ. ಇದೇ ಸುಣ್ಣಕಲ್ಲು ಚೂರು ಚೂರಾಗಿ ಹಾಸಿಕೊಂಡ ಬಿಳಿಯ ಬಂಡಿದಾರಿಗಳೇ ಈಗ ‘ಗ್ರಾವೆಲ್’ ಸವಾರರನ್ನು ಇಲ್ಲಿಗೆ ಎಳೆದು ತರುತ್ತಿರುವುದು.

ಗ್ರಾವೆಲ್ ಬೈಕ್ ಎಂದರೆ ದೂರದಿಂದ ರೇಸಿನ ಸೈಕಲ್ಲೇ. ಅದೇ ಬಾಗಿದ ಹ್ಯಾಂಡಲ್, ಅದೇ ತೆಳ್ಳನೆಯ ಮೈ. ವ್ಯತ್ಯಾಸ ಗೊತ್ತಾಗಬೇಕಾದರೆ ಬಗ್ಗಿ ಚಕ್ರ ನೋಡಬೇಕು. ರಸ್ತೆ ಸೈಕಲ್ಲಿನ ಟೈರು ಸುಮಾರು 28 ಮಿ.ಮೀ. ಅಗಲವಿದ್ದರೆ ಇದರದು 40ರಿಂದ 45 ಮಿ.ಮೀ. ಗಾಳಿಯ ಒತ್ತಡ ಅದರ ಅರ್ಧದಷ್ಟು. ಹೆಬ್ಬೆರಳಿನಲ್ಲಿ ಒತ್ತಿದರೆ ತುಸು ತಗ್ಗುವಷ್ಟು ಮೆತ್ತಗೆ. ಒಳಗೆ ಟ್ಯೂಬ್ ಇರುವುದಿಲ್ಲ, ಅದರ ಬದಲು ಒಂದಿಷ್ಟು ಬಿಳಿಯ ರಬ್ಬರ್ ಹಾಲು ಸುರಿದಿರುತ್ತಾರೆ. ಕೋಸ್‌ನ ಚೂಪುಗಲ್ಲು ಟೈರನ್ನು ಸೀಳಿತೆನ್ನಿ, ಚಕ್ರ ಸುತ್ತುತ್ತಿರುವಂತೆಯೇ ಆ ಹಾಲು ಸವಾರನ ಮೀನಖಂಡದ ಮೇಲೆಲ್ಲ ಚಿಮ್ಮಿ, ನಾಲ್ಕಾರು ಸುತ್ತಿಗೆ ತೂತಿನಲ್ಲಿ ಹೆಪ್ಪುಗಟ್ಟುತ್ತದೆ. ಸೀಳು ದೊಡ್ಡದಿದ್ದರೆ ದಬ್ಬಳದಂಥ ಉಪಕರಣದಿಂದ ರಬ್ಬರಿನ ತುಂಡೊಂದನ್ನು ಒಳಗೆ ತುರುಕಿ ಮುಂದೆ ಸಾಗುವುದು. ಅದಕ್ಕೂ ಬಗ್ಗದಿದ್ದರೆ ತಳ್ಳಿಕೊಂಡು ನಡೆಯುವುದೊಂದೇ ದಾರಿ. ಮುಂದಿನ ಪಂಚರ್ ಅಂಗಡಿ ಒಂದು ಕಣಿವೆಯಾಚೆ ಇರುತ್ತದೆ.

ಈ ಸೀಮೆಯನ್ನು ನೋಡಲು ಫಿಜಾಕ್‌ನಿಂದ ಹೊರಡುವುದು ಒಳ್ಳೆಯದು. ಈಜಿಪ್ಟಿನ ಚಿತ್ರಲಿಪಿಯನ್ನು ಓದಿದ ಶಾಂಪೋಲಿಯೋ 1790ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅಲ್ಲಿಂದ ಸೆಲೇ ನದಿ ಬಂಡೆಗಳ ನಡುವೆ ಬಳುಕುತ್ತ ಸುಮಾರು 50 ಕಿ.ಮೀ. ಹರಿದು ಬುಝಿಯೆಸ್ ಬಳಿ ಲಾಟ್ ನದಿಯನ್ನು ಸೇರುತ್ತದೆ. ನದಿಯ ಪಕ್ಕದಲ್ಲೇ ಡಾಂಬರು ರಸ್ತೆಯಿದೆ, ವಾಹನಗಳೂ ಕಡಿಮೆ. ಆದರೆ ಗ್ರಾವೆಲ್‌ನವರಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಎಸ್ಪಾನ್ಯಾಕ್‌ನ ಮರದ ತಲೆಯ ಗಂಟೆಗೋಪುರ ನೋಡಿ, ಮಾರ್ಸಿಯಾಕ್‌ನ ಪಾಳುಬಿದ್ದ ಮಠದ ನೆರಳಲ್ಲಿ ಕುಳಿತು, ಅಲ್ಲಿಂದ ಎಡಕ್ಕೋ ಬಲಕ್ಕೋ ಏರು ಹತ್ತಿ ಪ್ರಸ್ಥಭೂಮಿಗೆ ಬಂದರೆ ಲೋಕವೇ ಬೇರೆ. ಕುರುಚಲು ಓಕ್ ಮರಗಳು, ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳು, ಕುರುಬರು ಮಳೆಗೆ ನಿಲ್ಲಲು ಕಟ್ಟಿಕೊಂಡ ಗುಂಡನೆಯ ಕಲ್ಲುಗುಡಿಸಲುಗಳು. ಗೋಡೆಯಾಚೆಯಿಂದ ಇಣುಕುವ ಕುರಿಗಳಿಗೆ ಕಣ್ಣಿನ ಸುತ್ತ ಕಪ್ಪು ವರ್ತುಲ, ಕೂಲಿಂಗ್ ಗ್ಲಾಸ್ ಹಾಕಿಕೊಂಡಂತೆ. ಇದು ಈ ನೆಲದ್ದೇ ತಳಿ.

ಇಲ್ಲಿ ಮೇಲೆ ಹತ್ತುವುದು ಇನ್ನೂರು ಮೀಟರಿನ ಆಸುಪಾಸು ಇರಬಹುದು. ಅದೇನು ಮಹಾ ಎನ್ನುವಂತಿಲ್ಲ, ದಿನಕ್ಕೆ ಐದಾರು ಸಲ ಕಣಿವೆಗಿಳಿದು ಮತ್ತೆ ಹತ್ತಿದರೆ ತೊಡೆಗಳು ಲೆಕ್ಕ ಒಪ್ಪಿಸುತ್ತವೆ. ಕಾಬ್ರೆರೆ ಊರಿನ ಮೇಲಿನ ಪೆಶ್ ಮೆರ್ಲ್ ಗುಹೆಯಲ್ಲಿ ಸುಮಾರು 29,000 ವರ್ಷ ಹಿಂದಿನ ಚುಕ್ಕಿ ಕುದುರೆಗಳ ಚಿತ್ರವಿದೆ. 1922ರಲ್ಲಿ ಅದನ್ನು ಕಂಡುಹಿಡಿದವರು ಹರೆಯದ ಹುಡುಗರು. ಬುಝಿಯೆಸ್‌ನಿಂದ ಮುಂದೆ ಬಂಡೆಯ ಬುಡವನ್ನೇ ಕೊರೆದು ಮಾಡಿದ ಕಿರುದಾರಿ ಬರುತ್ತದೆ. 19ನೇ ಶತಮಾನದಲ್ಲಿ ಸರಕಿನ ದೋಣಿಗಳನ್ನು ದಡದಿಂದ ಹಗ್ಗ ಕಟ್ಟಿ ಎಳೆಯಲು ಮಾಡಿದ್ದು ಅದು. ಬೇಸಿಗೆಯಲ್ಲಿ ಅಲ್ಲಿ ನಡೆಯುವವರದೇ ಜಾತ್ರೆ, ಸೈಕಲ್ ಇಳಿದು ತಳ್ಳುವುದೇ ಮರ್ಯಾದೆ.

ಗ್ರಾವೆಲ್ ಎಂಬ ಹೆಸರೂ ಅದರ ಈಗಿನ ಅಬ್ಬರವೂ ಅಮೆರಿಕದ ಕಾನ್ಸಾಸ್ ಕಡೆಯ ಜಲ್ಲಿ ರಸ್ತೆಗಳಿಂದ ಬಂದವು. ಅಲ್ಲಿನ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಶುರುವಾದ ಇನ್ನೂರು ಮೈಲಿಯ ರೇಸು ಇದಕ್ಕೆ ದೊಡ್ಡ ಕುಮ್ಮಕ್ಕು ಕೊಟ್ಟಿತು. ಆದರೆ ದಪ್ಪ ಟೈರು, ತಗ್ಗು ಗೇರು, ಅವಸರವಿಲ್ಲದ ದೂರದ ಸವಾರಿ ಇವೆಲ್ಲ ಫ್ರೆಂಚರಿಗೆ ನೂರು ವರ್ಷದ ಹಳೆಯ ಚಾಳಿ.

ಸೇಂತ್-ಎತಿಯೆನ್ ನಗರದ ಪಾಲ್ ದ ವಿವಿ ಎಂಬಾತ ‘ವೆಲೋಸಿಯೋ’ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ. 1887ರಲ್ಲಿ ಸೈಕಲ್ ಪತ್ರಿಕೆಯೊಂದನ್ನು ಶುರುಮಾಡಿದ ಈ ಸಸ್ಯಾಹಾರಿ, ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂದು ಸವಾರರಿಗೆ ಪಾಠ ಹೇಳುತ್ತಿದ್ದ. ಗುಡ್ಡಗಾಡಿನ ಊರಿನವನಾದ್ದರಿಂದ ಸೈಕಲ್ಲಿಗೆ ಹಲವು ಗೇರು ಬೇಕೇ ಬೇಕು ಎಂಬುದು ಅವನ ಹಟ. ಅತ್ತ ಟೂರ್ ದ ಫ್ರಾನ್ಸ್ ರೇಸಿನ ಜನಕ ಹೆನ್ರಿ ದೆಗ್ರಾಂಜ್, ಗೇರು ಬದಲಿಸುವುದು ಗಂಡಸರ ಲಕ್ಷಣವಲ್ಲ ಎಂಬ ಧೋರಣೆಯವನು. ಗೇರು ಬದಲಿಸುವ ಡಿರೇಲರ್‌ಗೆ ಆ ರೇಸಿನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟು ಹೊತ್ತಿಗೆ ವೆಲೋಸಿಯೋ ತೀರಿಕೊಂಡು ಏಳು ವರ್ಷವಾಗಿತ್ತು. ಇತಿಹಾಸದಲ್ಲಿ ಹೆಸರು ದೆಗ್ರಾಂಜ್‌ನದೇ ದೊಡ್ಡದು. ಇಂದಿನ ಸೈಕಲ್ಲನ್ನು ಕಂಡರೆ ಗೆದ್ದವನು ವೆಲೋಸಿಯೋ ಎನ್ನಬೇಕಾಗುತ್ತದೆ. ಅವನ ಶಿಷ್ಯಪರಂಪರೆಗಾಗಿಯೇ ಪ್ಯಾರಿಸ್ ಸುತ್ತಮುತ್ತ ಅಲೆಕ್ಸ್ ಸಿಂಗರ್, ರೆನೆ ಎರ್ಸ್‌ರಂಥ ಕುಶಲಕರ್ಮಿಗಳು ಅಳತೆಗೆ ತಕ್ಕಂತೆ ಸೈಕಲ್ ಕಟ್ಟಿಕೊಡುತ್ತಿದ್ದರು. ಅವಕ್ಕೆ ಹಾಕುತ್ತಿದ್ದ ‘650ಬಿ’ ಅಳತೆಯ ದಪ್ಪ ಚಕ್ರಗಳು ಒಂದು ಕಾಲದಲ್ಲಿ ಮೂಲೆ ಸೇರಿದ್ದವು. ಈಗ ಅದೇ ಅಳತೆ ಗ್ರಾವೆಲ್ ಬೈಕಿನ ಹೆಸರಿನಲ್ಲಿ ಮತ್ತೆ ಅಂಗಡಿಗೆ ಬಂದಿದೆ, ಬೆಲೆ ಮಾತ್ರ ಹೊಸದು.

ರೇಸಿನವರೂ ಮಣ್ಣುದಾರಿಯನ್ನು ಬಿಟ್ಟವರಲ್ಲ. ಬ್ರಿಟನಿ ಪ್ರಾಂತದ ಲಾನಿಲಿಸ್‌ನಲ್ಲಿ 1984ರಿಂದ ‘ತ್ರೋ ಬ್ರೋ ಲೆಯೋನ್’ ಎಂಬ ರೇಸು ನಡೆಯುತ್ತಿದೆ. ಹೊಲಗಳ ನಡುವಿನ ಬಂಡಿದಾರಿಗಳಲ್ಲಿ ಓಡುವ ಈ ಸ್ಪರ್ಧೆಯನ್ನು ಜಾನ್-ಪಾಲ್ ಮೆಲುಯೆ ಹುಟ್ಟುಹಾಕಿದ್ದು ಬ್ರೆಟನ್ ಭಾಷಾ ಮಾಧ್ಯಮದ ಶಾಲೆಗಳಿಗೆ ಹಣ ಕೂಡಿಸಲು. ಮೊದಲು ಗುರಿ ಮುಟ್ಟಿದ ಬ್ರಿಟನಿಯ ಸವಾರನಿಗೆ ಜೀವಂತ ಹಂದಿಮರಿಯೊಂದು ಬಹುಮಾನ. ತಾಯ್ನುಡಿಯ ಶಾಲೆ ನಡೆಸಲು ಹಣವಿಲ್ಲದೆ ಒದ್ದಾಡುವವರನ್ನು ಬಲ್ಲ ಕನ್ನಡಿಗರಿಗೆ ಈ ಉಪಾಯ ರುಚಿಸೀತು. 2018ರಿಂದ ಪ್ಯಾರಿಸ್-ತೂರ್ ಎಂಬ ಹಳೆಯ ರೇಸು ಕೂಡ ಲುವಾರ್ ಕಣಿವೆಯ ದ್ರಾಕ್ಷಿತೋಟಗಳ ಮಣ್ಣುದಾರಿಗೆ ಹೊರಳಿತು. 2024ರ ಜುಲೈ 7ರಂದು ಟೂರ್ ದ ಫ್ರಾನ್ಸ್ ತ್ರುವಾ ನಗರದ ಸುತ್ತ 14 ತುಣುಕುಗಳಲ್ಲಿ ಒಟ್ಟು 32 ಕಿ.ಮೀ. ಬಿಳಿ ಮಣ್ಣಿನ ಮೇಲೆ ಓಡಿತು. ಅಂದು ಗೆದ್ದವನು ಫ್ರಾನ್ಸಿನವನೇ ಆದ ಆಂಥನಿ ತುರ್ಜಿಸ್. 2022ರಲ್ಲಿ ಮೊದಲ ಬಾರಿ ನಡೆದ ವಿಶ್ವ ಗ್ರಾವೆಲ್ ಚಾಂಪಿಯನ್‌ಷಿಪ್‌ನ ಮಹಿಳಾ ಪ್ರಶಸ್ತಿಯೂ ಫ್ರಾನ್ಸಿನ ಪೋಲಿನ್ ಫೆರಾಂ-ಪ್ರೆವೊ ಪಾಲಾಯಿತು.

ರೇಸು, ಟೈರುಗಳಿಗಿಂತ ಕುತೂಹಲದ್ದು ದಾರಿಗಳ ಕಥೆ. ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ‘ಕಮ್ಯೂನ್’ಗಳಿವೆ, ಅನೇಕವು ನಮ್ಮ ಗ್ರಾಮ ಪಂಚಾಯಿತಿಗಿಂತಲೂ ಚಿಕ್ಕವು. ‘ಶೆಮೆ ರೂರಾಲ್’ ಎಂಬ ಹಳ್ಳಿದಾರಿಗಳು ಈ ಕಮ್ಯೂನ್‌ಗಳ ಆಸ್ತಿ, ಓಡಾಟ ಎಲ್ಲರಿಗೂ ಮುಕ್ತ. ಕಾನೂನಿನ ತಿರುವು ಇರುವುದು ಮುಂದೆ. ಹೆದ್ದಾರಿಯಂತೆ ಇವಕ್ಕೆ ಪೂರ್ಣ ರಕ್ಷಣೆಯಿಲ್ಲ. ಪಕ್ಕದ ಹೊಲದವನು ದಾರಿಯನ್ನು ಒತ್ತುವರಿ ಮಾಡಿ, ಮೂವತ್ತು ವರ್ಷ ಯಾರ ತಕರಾರೂ ಇಲ್ಲದೆ ಉತ್ತುಕೊಂಡು ಬಂದರೆ ಅದು ಅವನದಾಗಬಹುದು. ಜನ ಓಡಾಡುವುದೇ ನಿಂತುಹೋಗಿದ್ದರೆ, ಸಾರ್ವಜನಿಕ ವಿಚಾರಣೆ ನಡೆಸಿ ಕಮ್ಯೂನ್ ಅದನ್ನು ಮಾರಲೂಬಹುದು. ಎರಡನೇ ಮಹಾಯುದ್ಧದ ನಂತರ ಟ್ರ್ಯಾಕ್ಟರುಗಳಿಗೆ ಅನುಕೂಲವಾಗಲೆಂದು ಸಣ್ಣ ಹಿಡುವಳಿಗಳನ್ನು ಒಟ್ಟುಗೂಡಿಸಿದಾಗ ಬೇಲಿಸಾಲುಗಳ ಜೊತೆ ಇಂಥ ಎಷ್ಟೋ ದಾರಿಗಳು ನೇಗಿಲಡಿ ಮಾಯವಾದವು. ಹಳೆಯ ನಕ್ಷೆಯಲ್ಲಿ ಚುಕ್ಕಿಗೆರೆ ಇರುತ್ತದೆ, ಹೋಗಿ ನೋಡಿದರೆ ಮೆಕ್ಕೆಜೋಳದ ಹೊಲ.

ಹಾಗಾಗಿ ದಾರಿಯ ಮೇಲೆ ಮೂಡುವ ಚಕ್ರದ ಗುರುತಿಗೆ ಕಾನೂನಿನಲ್ಲೂ ಬೆಲೆಯಿದೆ. ಜನ ಬಳಸುತ್ತಿದ್ದಾರೆ ಎಂಬುದೇ ದಾರಿ ಸಾರ್ವಜನಿಕರದ್ದು ಎನ್ನುವುದಕ್ಕೆ ಆಧಾರವಾಗುತ್ತದೆ. 2022ರ ಕಾನೂನೊಂದು ಕಮ್ಯೂನ್‌ಗಳಿಗೆ ತಮ್ಮ ದಾರಿಗಳ ಪಟ್ಟಿ ಮಾಡುವ ಅವಕಾಶ ಕೊಟ್ಟಿದೆ. ಪಟ್ಟಿ ಮಾಡಲು ನಿರ್ಣಯಿಸಿದರೆ ಆ ಮೂವತ್ತು ವರ್ಷದ ಎಣಿಕೆ ಅಷ್ಟು ಕಾಲ ನಿಲ್ಲುತ್ತದೆ. ಬೇಟೆಗಾರರು, ಚಾರಣಿಗರು, ಕುದುರೆ ಸವಾರರು ಮೊದಲಿನಿಂದ ಈ ದಾರಿಗಳ ಬಳಕೆದಾರರು. ಗ್ರಾವೆಲ್‌ನವರು ಈ ಸಾಲಿಗೆ ತಡವಾಗಿ ಸೇರಿದವರು. ನಡೆಯುವವರ ಮೈಮೇಲೆ ಹೋಗುವಂತೆ ಇಳಿಜಾರಿನಲ್ಲಿ ನುಗ್ಗುವ ಕೆಲವರಿಂದ ಒಳ್ಳೆಯ ಹೆಸರಿಗೆ ಮಸಿ ಬಳಿದಿರುವುದೂ ಉಂಟು.

ಹೋಗಬಯಸುವವರು ತಿಳಿದಿರಬೇಕಾದ ಲೌಕಿಕಗಳು ಒಂದಷ್ಟಿವೆ. ಹಳ್ಳಿಗಳಲ್ಲಿ ಮಧ್ಯಾಹ್ನ ಹನ್ನೆರಡಾಯಿತೆಂದರೆ ಅಂಗಡಿಗಳ ಬಾಗಿಲು ಮುಚ್ಚುತ್ತದೆ, ಎರಡು ಗಂಟೆಗೆ ಮೊದಲು ತೆರೆಯುವ ಮಾತೇ ಇಲ್ಲ. ಸೋಮವಾರವಂತೂ ಅನೇಕ ಕಡೆ ಪೂರ್ತಿ ರಜೆ. ಬೇಕರಿ ಮುಚ್ಚಿಹೋದ ಊರುಗಳಲ್ಲಿ ಬ್ರೆಡ್ ಕೊಡುವ ಯಂತ್ರ ಕಾಣಸಿಗುತ್ತದೆ, ಹಸಿದವರಿಗೆ ಅದೂ ಮೃಷ್ಟಾನ್ನವೇ. ಸೆಪ್ಟೆಂಬರಿನಿಂದ ಫೆಬ್ರುವರಿವರೆಗೆ ಬೇಟೆಯ ಕಾಲ. ‘ಬೇಟೆ ನಡೆಯುತ್ತಿದೆ’ ಎಂಬ ಫಲಕ ಕಂಡರೆ ಕಾಡಿನ ದಾರಿ ಬಿಟ್ಟು ಸುತ್ತುಬಳಸಿ ಹೋಗುವುದು ಜಾಣತನ. ಮೇ, ಜೂನ್ ತಿಂಗಳು ಎಲ್ಲಕ್ಕಿಂತ ಹಿತ.

ಕರ್ನಾಟಕದ ಸೈಕಲ್ ಸವಾರರಿಗೆ ಫ್ರಾನ್ಸ್ ಅಪರಿಚಿತವೇನಲ್ಲ. ಬೆಂಗಳೂರಿನಲ್ಲಿ ನಡೆಯುವ 200, 300, 400, 600 ಕಿ.ಮೀ.ಗಳ ‘ಬ್ರೆವೆ’ ಸವಾರಿಗಳ ಪದ್ಧತಿ ಅಲ್ಲಿಂದಲೇ ಬಂದದ್ದು. ಅವನ್ನು ಮುಗಿಸಿ, ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1,200 ಕಿ.ಮೀ.ಯ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗಿಬಂದವರು ಇಲ್ಲಿ ಹಲವರಿದ್ದಾರೆ. ಆ ಸವಾರಿ ಇರುವುದು ಡಾಂಬರಿನ ಮೇಲೆ, 90 ಗಂಟೆಯ ಗಡುವಿನಲ್ಲಿ. ನದಿ, ಗುಹೆ, ಕುರಿ ನೋಡುತ್ತ ನಿಲ್ಲಲು ಪುರಸೊತ್ತಿಲ್ಲ. ಮುಂದಿನದು 2027ಕ್ಕೆ. ಅದು ಮುಗಿದ ಮೇಲೆ ರಜೆ ಉಳಿಸಿಕೊಂಡವರಿಗೆ ಪ್ಯಾರಿಸಿನ ಓಸ್ತರ್ಲಿಟ್ಸ್ ನಿಲ್ದಾಣದಿಂದ ಲಾಟ್ ಜಿಲ್ಲಾಕೇಂದ್ರವಾದ ಕಾಓರ್‌ಗೆ ನೇರ ರೈಲಿದೆ. ಮುಂಗಡ ಕಾದಿರಿಸಿದರೆ ಸೈಕಲ್ಲಿಗೂ ಜಾಗ ಸಿಗುತ್ತದೆ. ಟೈರು ಮಾತ್ರ ಬದಲಿಸಿಕೊಳ್ಳಬೇಕು.