ಸಾಮಾಜಿಕ ಜಾಲತಾಣಗಳಲ್ಲೂ ಒಕ್ಕೂಟ



ಕಳೆದ ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಕಾಣಿಸಿಕೊಂಡ ಹೊತ್ತಿನಲ್ಲೇ, ಸಾಮಾಜಿಕ ಜಾಲತಾಣವೊಂದರಲ್ಲಿದ್ದ ನಮ್ಮ ಸಂಘದ ಪುಟ ಇದ್ದಕ್ಕಿದ್ದಂತೆ ಮುಚ್ಚಿಹೋಯಿತು. ಸದಸ್ಯರು ವರ್ಷಗಟ್ಟಲೆ ಕಳುಹಿಸಿದ್ದ ಮಳೆಯ ಲೆಕ್ಕ, ಕಾಫಿಯ ಕಾಂಡಕೊರಕದ ಚಿತ್ರಗಳು, ಬೋರ್ಡೋ ದ್ರಾವಣ ಸಿಂಪಡಿಸಿದ ದಿನಾಂಕಗಳು ಎಲ್ಲವೂ ಅದರಲ್ಲಿದ್ದವು. ಮೂರು ಬಾರಿ ಬರೆದೆವು. ಯಂತ್ರದ ಉತ್ತರ ಬಂತೇ ಹೊರತು ಮನುಷ್ಯರ ಉತ್ತರ ಬರಲಿಲ್ಲ. ಎರಡು ವಾರಗಳ ಮೇಲೆ ಪುಟ ತಾನಾಗಿ ತೆರೆಯಿತಾದರೂ, ಎರಡನೆಯ ಸಿಂಪರಣೆಯ ಸೂಚನೆ ಹಲವರಿಗೆ ವೇಳೆಗೆ ತಲುಪಲಿಲ್ಲ. ಬೇರೆಡೆ ಪ್ರತಿ ಇಟ್ಟುಕೊಳ್ಳದಿದ್ದುದು ನಮ್ಮದೇ ತಪ್ಪು.

ಇದರ ಮೂಲ ಕಾರಣ ಸರಳ. ಮಾಲು ನಮ್ಮದು, ಗೋದಾಮು ಬೇರೆಯವರದು, ಬೀಗದ ಕೈಯೂ ಅವರ ಬಳಿಯೇ. ನಮ್ಮ ಬೆಂಗಳೂರಿನಲ್ಲೇ 2020ರಲ್ಲಿ ಆರಂಭವಾಗಿ ಕನ್ನಡದಲ್ಲೂ ನಡೆಯುತ್ತಿದ್ದ 'ಕೂ' 2024ರ ಜುಲೈನಲ್ಲಿ ನಿಂತುಹೋಯಿತು. ಒಂದು ಕಂಪನಿಯ ನಿರ್ಧಾರದೊಡನೆ ಇಡೀ ಊರೇ ಖಾಲಿಯಾದಂತಾಯಿತು. 2023ರ ಜನವರಿಯಲ್ಲಿ ಟ್ವಿಟರ್, ಹೊರಗಿನವರು ತನಗಾಗಿ ತಯಾರಿಸಿದ್ದ ಆ್ಯಪ್‌ಗಳನ್ನು ಮುನ್ಸೂಚನೆಯಿಲ್ಲದೆ ತಡೆಯಿತು. ವರ್ಷಗಟ್ಟಲೆ ದುಡಿದು ಉಪಕರಣ ಕಟ್ಟಿದವರು ಒಂದೇ ರಾತ್ರಿಯಲ್ಲಿ ಬರಿಗೈಯಾದರು.

ಇದಕ್ಕೆ ಪರ್ಯಾಯವಾದ ವ್ಯವಸ್ಥೆಯೊಂದಿದೆ. ಸಹಕಾರಿಗಳಾದ ನಮಗೆ ಅದು ಹೊಸತೆನಿಸಲಾರದು. ಅದಕ್ಕಿರುವ 'ಫೆಡಿವರ್ಸ್' ಎಂಬ ಹೆಸರಿನಲ್ಲೇ ಒಕ್ಕೂಟವೆಂಬ ಅರ್ಥವಿದೆ. ಇಲ್ಲಿ ಒಂದು ದೊಡ್ಡ ಗೋದಾಮಿಲ್ಲ. ಸಾವಿರಾರು ಸಣ್ಣ ಸರ್ವರ್‌ಗಳು, ಅಂದರೆ ಸದಾ ಚಾಲನೆಯಲ್ಲಿರುವ ಕಂಪ್ಯೂಟರ್‌ಗಳು, ಪ್ರಾಥಮಿಕ ಸಂಘಗಳಂತೆ ಬೇರೆಬೇರೆಯಾಗಿವೆ. ಪ್ರತಿಯೊಂದಕ್ಕೂ ತನ್ನದೇ ಆಡಳಿತ, ತನ್ನದೇ ಉಪನಿಯಮಗಳು. ಆದರೆ ಪರಸ್ಪರ ವ್ಯವಹಾರಕ್ಕೆ ಎಲ್ಲವೂ ಒಂದೇ ಸಾಮಾನ್ಯ ನಿಯಮವನ್ನು ಪಾಲಿಸುತ್ತವೆ. 'ಆ್ಯಕ್ಟಿವಿಟಿಪಬ್' ಎಂಬ ಈ ನಿಯಮವನ್ನು ವರ್ಲ್ಡ್ ವೈಡ್ ವೆಬ್ ಒಕ್ಕೂಟವು 2018ರ ಜನವರಿಯಲ್ಲಿ ಅಂಗೀಕರಿಸಿತು.

ಇದು ನಡೆಯುವ ಬಗೆ ಅಂಚೆಯಂತೆ. ಕೊಪ್ಪದ ಬೆಳೆಗಾರರೊಬ್ಬರು ಒಂದು ಸರ್ವರ್‌ನಲ್ಲಿಯೂ ಶಿರಸಿಯವರೊಬ್ಬರು ಇನ್ನೊಂದರಲ್ಲಿಯೂ ಇದ್ದಾರೆಂದುಕೊಳ್ಳಿ. ಅವರ ವಿಳಾಸದಲ್ಲಿ ಹೆಸರಿನ ಜೊತೆಗೆ ಸರ್ವರಿನ ಹೆಸರೂ ಇರುತ್ತದೆ. ಮನೆಹೆಸರಿನ ಮುಂದೆ ಊರು ಬರೆದ ಹಾಗೆ. ಶಿರಸಿಯವರು ಕೊಪ್ಪದವರನ್ನು ಅನುಸರಿಸಲು ಬಯಸಿದರೆ, ಆ ಕೋರಿಕೆ ಕೊಪ್ಪದವರ ಸರ್ವರಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಕೊಪ್ಪದವರು ಬರೆದುದರ ಪ್ರತಿಯೊಂದು ಶಿರಸಿಯವರ ಟಪ್ಪಾಲು ಪೆಟ್ಟಿಗೆಗೆ ತಾನಾಗಿ ಬಂದು ಬೀಳುತ್ತದೆ.

ನಿಯಮ ಬಹಿರಂಗವಾಗಿರುವುದರಿಂದ ಉಪಕರಣಗಳನ್ನು ಯಾರು ಬೇಕಾದರೂ ಕಟ್ಟಬಹುದು. ಜರ್ಮನಿಯ ಯೂಗೆನ್ ರೋಚ್ಕೊ 2016ರಲ್ಲಿ ಹೊರತಂದ 'ಮ್ಯಾಸ್ಟೊಡಾನ್' ಕಿರುಬರಹಗಳಿಗಿದೆ. ಚಿತ್ರಗಳಿಗೆ 'ಪಿಕ್ಸೆಲ್‌ಫೆಡ್', ಚಲನಚಿತ್ರಗಳಿಗೆ 'ಪೀರ್‌ಟ್ಯೂಬ್' ಇವೆ. ಇವುಗಳ ತಂತ್ರಾಂಶ ಉಚಿತ. ತಿದ್ದಿ ಬಳಸಲೂ ಅಡ್ಡಿಯಿಲ್ಲ. ಕಂಪ್ಯೂಟರ್ ಕಲಿತ ನಮ್ಮ ಮಕ್ಕಳು ಮಳೆಮಾಪಕದ ಅಂಕಿಗಳನ್ನು ದಿನವೂ ಬೆಳಿಗ್ಗೆ ತಾನಾಗಿ ಪ್ರಕಟಿಸುವ ಪುಟ್ಟ ತಂತ್ರಾಂಶವೊಂದನ್ನು ಬರೆದುಕೊಡಬಲ್ಲರು.

ಸಹಕಾರಿ ತತ್ವದ ಮೇಲೆ ನಡೆಯುವ ಸರ್ವರ್ ಕೂಡ ಇದೆ. 2017ರಲ್ಲಿ ಆರಂಭವಾದ 'ಸೋಷಿಯಲ್ ಡಾಟ್ ಕೋಆಪ್' ಎಂಬುದರಲ್ಲಿ ಖರ್ಚನ್ನು ಸದಸ್ಯರೇ ವಂತಿಗೆಯಿಂದ ಭರಿಸುತ್ತಾರೆ, ನಿಯಮಗಳನ್ನು ತಾವೇ ಚರ್ಚಿಸಿ ನಿರ್ಧರಿಸುತ್ತಾರೆ.

ಹಾಗೆಂದು ಇದರಲ್ಲಿ ದೋಷಗಳೇ ಇಲ್ಲವೆಂದು ತಿಳಿಯಬಾರದು. ಸರ್ವರ್ ನಡೆಸಲು ಹಣ ಬೇಕು. ಅದಕ್ಕಿಂತ ಮುಖ್ಯವಾಗಿ, ಸುಳ್ಳು ಸುದ್ದಿ ಮತ್ತು ಬೈಗುಳವನ್ನು ತಡೆಯುವ ತಾಳ್ಮೆಯ ಜನ ಬೇಕು. ಮ್ಯಾಸ್ಟೊಡಾನ್‌ನಲ್ಲಿ ಬರೆದ ಖಾಸಗಿ ಪತ್ರವನ್ನು ಸರ್ವರ್ ನಡೆಸುವವರು ಓದಲು ಸಾಧ್ಯವಿದೆ. ಆದ್ದರಿಂದ ಬ್ಯಾಂಕಿನ ವಿವರಗಳನ್ನು ಅಲ್ಲಿ ಬರೆಯಲೇಬಾರದು. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಮನೆ ಬದಲಿಸಿದರೆ ನಮ್ಮ ಅನುಯಾಯಿಗಳು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಅವುಗಳ ಪ್ರತಿಯನ್ನು ನಾವೇ ಇಳಿಸಿ ಇಟ್ಟುಕೊಳ್ಳತಕ್ಕದ್ದು.

ಸೇರುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ದಿನವೂ ಪ್ರತಿ ತೆಗೆದಿಡುತ್ತಾರೆಯೇ? ತುರ್ತು ಸಮಯದಲ್ಲಿ ಸರ್ವರ್ ನೋಡಿಕೊಳ್ಳಲು ಇನ್ನೊಬ್ಬರಿದ್ದಾರೆಯೇ? ಮುಚ್ಚುವುದಾದರೆ ಕನಿಷ್ಠ ಮೂರು ತಿಂಗಳು ಮೊದಲೇ ತಿಳಿಸುತ್ತಾರೆಯೇ? ಮ್ಯಾಸ್ಟೊಡಾನ್‌ನವರು ತಾವು ಶಿಫಾರಸು ಮಾಡುವ ಸರ್ವರ್‌ಗಳಿಗೆ ಇದೇ ಷರತ್ತುಗಳನ್ನು ಹಾಕಿದ್ದಾರೆ.

ಈಗಿರುವ ವಾಟ್ಸಾಪ್ ಗುಂಪನ್ನು ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಅದೂ ಒಂದೇ ಕಂಪನಿಯ ಸೊತ್ತೆಂಬುದು ನೆನಪಿರಲಿ. ಬರುವ ಆಡಳಿತ ಮಂಡಳಿ ಸಭೆಯಲ್ಲಿ, ಸಂಘದ ಹೆಸರಿನಲ್ಲಿ ಒಂದು ಖಾತೆ ತೆರೆದು ಒಂದು ಮಳೆಗಾಲ ನಡೆಸಿ ನೋಡುವ ಸಲಹೆಯನ್ನು ಮಂಡಿಸಲಿದ್ದೇವೆ. ಅಲ್ಲಿಯವರೆಗೆ ಪ್ರತಿಯೊಬ್ಬರೂ ತಮ್ಮ ಮಳೆ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿಯೂ ಬರೆದಿಡಬೇಕಾಗಿ ವಿನಂತಿ.

— ಕಾರ್ಯದರ್ಶಿ