ಘೇಂಡಾಮೃಗ ಹೊತ್ತ ಗಡಿಯಾರ

ಮೊದಲು ಕಣ್ಣಿಗೆ ಬೀಳುವುದು ಗಡಿಯಾರವಲ್ಲ, ಘೇಂಡಾಮೃಗ. ಕಪ್ಪಗಿನ ಕಂಚಿನ ಮೈ, ಮಡಿಕೆ ಮಡಿಕೆ ಚರ್ಮ. ಬೆನ್ನ ಮೇಲೆ ಥಳಥಳಿಸುವ ಚಿನ್ನದ ಗೂಡು, ಅದರೊಳಗೆ ಬಿಳಿ ಎನಾಮೆಲ್ ಮುಖ. ಕಾಲಡಿಯಲ್ಲಿ ಸುರುಳಿ ಸುತ್ತಿದ ಎಲೆ, ಬಳ್ಳಿ. ಎಡಕ್ಕಿರುವುದು ಬಲಕ್ಕಿಲ್ಲ, ಆ ಸೊಟ್ಟತನವೇ ರೊಕೊಕೊ ಶೈಲಿಯ ಸೊಗಸು. ಹದಿನೈದನೇ ಲೂಯಿಯ ಕಾಲದ ಪ್ಯಾರಿಸ್ಸಿನ ಸಿರಿವಂತರು ಇಂಥವನ್ನು ಅಗ್ಗಿಷ್ಟಿಕೆಯ ಮೇಲಿನ ಅಮೃತಶಿಲೆಯ ಹಾಸಿನ ಮೇಲೆ ಇಡುತ್ತಿದ್ದರು.

ಈ ಹುಚ್ಚಿಗೆ ನಮ್ಮ ದೇಶದ ನಂಟಿದೆ. ಬಂಗಾಳದ ಡಚ್ ಅಧಿಕಾರಿಯೊಬ್ಬನ ಮನೆಯಲ್ಲಿ ಮರಿಯಿಂದಲೇ ಸಾಕಿದ್ದ ಕ್ಲಾರಾ ಎಂಬ ಘೇಂಡಾಮೃಗವನ್ನು ಹಡಗಿನ ಕಪ್ತಾನನೊಬ್ಬ 1741ರಲ್ಲಿ ಯುರೋಪಿಗೆ ಒಯ್ದ. ಊರೂರು ತಿರುಗಿಸಿ, ಕಾಸು ವಸೂಲಿ ಮಾಡಿ ತೋರಿಸಿದ. ಅದಕ್ಕೂ ಮುಂಚೆ ಯುರೋಪಿನ ಹೆಚ್ಚಿನವರಿಗೆ ಘೇಂಡಾಮೃಗವೆಂದರೆ 1515ರಲ್ಲಿ ಜರ್ಮನ್ ಕಲಾವಿದ ಡ್ಯೂರರ್ ಕೆತ್ತಿಸಿದ ಮರದಚ್ಚಿನ ಚಿತ್ರ. ಅವನೋ ಪ್ರಾಣಿಯನ್ನು ಕಂಡವನೇ ಅಲ್ಲ. ಹೆಗಲ ಮೇಲೊಂದು ಕೊಂಬು ಹೆಚ್ಚಿಗೆ ಇಟ್ಟುಬಿಟ್ಟಿದ್ದ! 1749ರಲ್ಲಿ ಕ್ಲಾರಾ ಪ್ಯಾರಿಸ್ಸಿನ ಸ್ಯಾಂ-ಜರ್ಮ್ಯಾಂ ಜಾತ್ರೆಗೆ ಬಂದಾಗ ಜನ ಮುಗಿಬಿದ್ದರು. ಚಿತ್ರಕಾರ ಊದ್ರಿ ಅವಳಷ್ಟೇ ದೊಡ್ಡ ಚಿತ್ರ ಬರೆದ. ಘೇಂಡಾಮೃಗದ ಗಡಿಯಾರಗಳಿಗೆ ಹೆಸರಾದ ಕಂಚಿನ ಕುಶಲಕರ್ಮಿಯ ಹೆಸರೂ, ನೋಡಿ, ಜಾನ್-ಜೋಸೆಫ್ ದ ಸ್ಯಾಂ-ಜರ್ಮ್ಯಾಂ.

ಮುಖದ ಮೇಲೆ ಗಡಿಯಾರ ಮಾಡಿದವನ ಹೆಸರಿರುತ್ತದೆ. ಅವನದು ಒಳಗಿನ ಯಂತ್ರ ಮಾತ್ರ. ಎರಕ ಹೊಯ್ದು ಚಾಣ ಹಿಡಿದು ತಿದ್ದುವವರದು ಒಂದು ಸಂಘ, ಚಿನ್ನ ಲೇಪಿಸುವವರದು ಇನ್ನೊಂದು. ಹೆಸರು ಸಿಗದವರು ಹೆಚ್ಚಾಗಿ ಈ ಕೊನೆಯವರೇ. ಚಿನ್ನದ ಪುಡಿಯನ್ನು ಪಾದರಸದಲ್ಲಿ ಕಲಸಿ, ಬೆಣ್ಣೆಯಂಥ ಆ ಮುದ್ದೆಯನ್ನು ಕಂಚಿಗೆ ಸವರಿ ಕೆಂಡದ ಮೇಲೆ ಹಿಡಿಯುತ್ತಿದ್ದರು. ಪಾದರಸ ಹಬೆಯಾಗಿ ಹಾರಿ ಚಿನ್ನ ಕಚ್ಚಿ ಉಳಿಯುತ್ತಿತ್ತು. ಹಬೆ ಹೋಗುತ್ತಿದ್ದುದು ಆ ಕೆಲಸಗಾರರ ಮೂಗಿಗೆ. ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು, ಆಯಸ್ಸು ಮೊಟಕಾಗುತ್ತಿತ್ತು. ಆ ಹೊಳಪನ್ನು ಮೆಚ್ಚುವಾಗ ನನಗೆ ಸ್ವಲ್ಪ ಇರಿಸುಮುರುಸಾಗುತ್ತದೆ.

ಕಂಚಿನ ಮೇಲೆ ಕಿರೀಟ ಹೊತ್ತ ಪುಟ್ಟ ‘ಸಿ’ ಅಕ್ಷರ ಸಿಕ್ಕರೆ ಸಂಗ್ರಾಹಕರಿಗೆ ಹಬ್ಬ. ಅದು 1745ರಿಂದ 1749ರವರೆಗೆ ಇದ್ದ ತೆರಿಗೆಯ ಮುದ್ರೆ. ಯಂತ್ರವೋ ತೀರಾ ನಾಜೂಕು. ಲೋಲಕ ತೂಗುವುದು ರೇಷ್ಮೆ ದಾರದ ಕುಣಿಕೆಯಲ್ಲಿ. ದಾರವನ್ನು ಚೂರು ಸುತ್ತಿದರೆ ಗಡಿಯಾರ ಬೇಗ ಓಡುತ್ತದೆ, ಸಡಿಲಿಸಿದರೆ ನಿಧಾನವಾಗುತ್ತದೆ.

ಕ್ಲಾರಾ 1758ರಲ್ಲಿ ಲಂಡನ್ನಿನಲ್ಲಿ ಸತ್ತಳು. ಕಂಚಿನ ಘೇಂಡಾಮೃಗಗಳು ಈಗಲೂ ಹರಾಜಿಗೆ ಬರುತ್ತವೆ, ಬೆನ್ನ ಮೇಲಿನ ಗಡಿಯಾರ ಇಳಿಸದೆ.